ಇಂಗ್ಲೆಂಡಿನಲ್ಲಿ ನಾಲ್ಕು ಕುರಿ ಸಾಕಬೇಕಾ? ಮೊದಲು ನೆಲಕ್ಕೆ ನಂಬರ್ ಮಾಡಿಸಿ

ಚಳ್ಳಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ತಾತನ ಹತ್ತಿರ ಎಂಬತ್ತು ಚಿಲ್ಲರೆ ಕುರಿ ಇದ್ದವು. ಅಷ್ಟಕ್ಕೂ ಸೇರಿ ಒಂದೇ ಒಂದು ಕಾಗದ ಇರಲಿಲ್ಲ. ಕಿವಿ ತುದಿಗೆ ಒಂದು ಕಚ್ಚು, ಬೆನ್ನಿಗೆ ಒಂದು ಬಣ್ಣದ ಬರೆ, ಮುಗೀತು. ಸಂತೆಗೆ ಹೊಡೆದುಕೊಂಡು ಹೋದರೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ, ದುಡ್ಡು ಅಂಗಿ ಜೇಬಿಗೆ, ಯಾರಿಗೂ ಲೆಕ್ಕ ಕೊಡುವ ಮಾತೇ ಇಲ್ಲ.

ಅದೇ ತಲೆ ಇಟ್ಟುಕೊಂಡು ನಾನು ಇಲ್ಲಿ, ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ಮನೆಯ ಜೊತೆಗೆ ಬಂದ ಎರಡು ಎಕರೆ ಹುಲ್ಲುಗಾವಲಿಗೆ ನಾಲ್ಕು ಕುರಿ ತರೋಣ ಅಂತ ಹೊರಟೆ. ಟ್ರೇಲರ್ ಬಾಡಿಗೆಗೆ ತಂದಿದ್ದೆ, ದುಡ್ಡು ರೆಡಿ ಇತ್ತು, ಹೆಂಡತಿ ಕುರಿಗಳಿಗೆ ಹೆಸರು ಕೂಡ ಇಟ್ಟಿದ್ದಳು. ಮಾರುವ ಅಜ್ಜಿ ಒಂದು ಫಾರ್ಮ್ ಮುಂದಿಟ್ಟು "ನಿಮ್ಮ ಸಿಪಿಎಚ್ ನಂಬರ್ ಹೇಳಿ" ಅಂದರು. ನಾನು ಬೆಪ್ಪನ ಹಾಗೆ ನಿಂತೆ. ನಂಬರ್ ಇಲ್ಲ ಅಂದಿದ್ದಕ್ಕೆ ಅವರು ಟೀ ಕೊಟ್ಟರು, ಬಿಸ್ಕೆಟ್ ಕೊಟ್ಟರು, ಕುರಿ ಕೊಡಲಿಲ್ಲ. ಖಾಲಿ ಟ್ರೇಲರ್ ಎಳೆದುಕೊಂಡು ವಾಪಸ್ ಬಂದೆ.

ಇಲ್ಲಿಗೆ ಬಂದ ನಮ್ಮವರಲ್ಲಿ ಊರ ಹೊರಗೆ ಸ್ವಲ್ಪ ಜಾಗ ಇರುವ ಮನೆ ತೆಗೆದುಕೊಂಡವರು "ಎರಡು ಮೇಕೆ ಸಾಕಿದ್ರೆ ಹೆಂಗೆ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಷ್ಟದ್ದೇನೂ ಇಲ್ಲ, ನೋಂದಣಿಗೆ ದುಡ್ಡೂ ಇಲ್ಲ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಪ್ಪಿದರೆ ನನ್ನ ಹಾಗೆ ಬರಿಗೈಯಲ್ಲಿ ಬರಬೇಕಾಗುತ್ತದೆ. ಕ್ರಮ ಹೀಗೆ: ನೆಲಕ್ಕೆ ನಂಬರ್, ಆಮೇಲೆ ಹಿಂಡಿಗೆ ನಂಬರ್, ಆಮೇಲೆ ಕುರಿ, ಕೊನೆಗೆ ಕಿವಿ ಓಲೆ. ನಾವು ಊರಲ್ಲಿ ಯೋಚಿಸುವುದು ಇದರ ಪೂರ್ತಿ ಉಲ್ಟಾ.

ನಾನು ಬರೆಯುತ್ತಿರುವುದು ಇಂಗ್ಲೆಂಡಿನ ನಿಯಮ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ನಲ್ಲಿ ಕಚೇರಿಗಳೂ ಬೇರೆ, ಕೆಲವು ಗಡುವುಗಳೂ ಬೇರೆ. ಅದರ ಬಗ್ಗೆ ಆಮೇಲೆ ಎರಡು ಮಾತು ಹೇಳುತ್ತೇನೆ.

ಇಷ್ಟೊಂದು ಕಾಗದ ಯಾಕೆ?

ಇದು ಗೊತ್ತಾದರೆ ಮುಂದಿನದೆಲ್ಲ ತಲೆಗೆ ಸುಲಭವಾಗಿ ಹೋಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. 2001ರ ಫೆಬ್ರವರಿಯಲ್ಲಿ ಎಸೆಕ್ಸ್‌ನ ಒಂದು ಕಸಾಯಿಖಾನೆಗೆ ಬಂದ ಹಂದಿಗಳಲ್ಲಿ ಕಾಲುಬಾಯಿ ಜ್ವರ ಕಾಣಿಸಿತು. ಹುಡುಕುತ್ತಾ ಹೋದಾಗ ರೋಗದ ಮೂಲ ದೂರದ ಉತ್ತರದಲ್ಲಿ, ನಾರ್ತಂಬರ್‌ಲೆಂಡಿನ ಹೆಡನ್-ಆನ್-ದ-ವಾಲ್ ಅನ್ನುವ ಊರಿನ ಹಂದಿ ಫಾರ್ಮಿನಲ್ಲಿ ಸಿಕ್ಕಿತು. ಅಲ್ಲಿ ಹಂದಿಗಳಿಗೆ ಹೋಟೆಲ್ ಮುಸುರೆ ಹಾಕುತ್ತಿದ್ದರು. ಅಷ್ಟರಲ್ಲಿ ರೋಗ ಪಕ್ಕದ ಕುರಿಗಳಿಗೆ ಹತ್ತಿ, ಆ ಕುರಿಗಳು ಹೆಕ್ಸಮ್ ಮತ್ತು ಲಾಂಗ್‌ಟೌನ್ ಸಂತೆಗಳಿಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ ದೇಶದ ಮೂಲೆ ಮೂಲೆಗೆ ಹಂಚಿಹೋಗಿದ್ದವು. ಯಾವ ಕುರಿ ಯಾವ ಹೊಲಕ್ಕೆ ಹೋಯಿತು ಅಂತ ಬೇಗ ಹೇಳುವವರೇ ಇರಲಿಲ್ಲ. ಅಷ್ಟು ಹೊತ್ತಿಗೆ ಕೈ ಮೀರಿತ್ತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಇಲ್ಲಿನ ಹಳೆಯ ರೈತರು ಇವತ್ತಿಗೂ ಆ ವರ್ಷದ ಸುದ್ದಿ ಬಂದರೆ ಮಾತು ನಿಲ್ಲಿಸುತ್ತಾರೆ.

ಹಾಗಾಗಿ ಈಗ ಸರ್ಕಾರಕ್ಕೆ ಬೇಕಾದದ್ದು ಒಂದೇ. ನಾಳೆ ಬೆಳಗ್ಗೆ ಎಲ್ಲಾದರೂ ರೋಗ ಕಾಣಿಸಿದರೆ, ಕುರಿ ಎಲ್ಲೆಲ್ಲಿ ಇವೆ, ಎಲ್ಲಿಂದ ಎಲ್ಲಿಗೆ ಹೋದವು ಅಂತ ಕೂತಲ್ಲೇ ಗೊತ್ತಾಗಬೇಕು. ಆ ವೈರಸ್ಸಿಗೆ ನಿಮ್ಮದು ಸಾವಿರ ಕುರಿಯ ಫಾರ್ಮಾ, ಹಿತ್ತಲಲ್ಲಿ ಮಕ್ಕಳು ಮುದ್ದು ಮಾಡುವ ಒಂದೇ ಒಂದು ಮೇಕೆಯಾ ಅನ್ನುವ ವ್ಯತ್ಯಾಸ ಇಲ್ಲ. ಅದಕ್ಕೇ ನಿಯಮಕ್ಕೂ ಇಲ್ಲ. "ನಾವು ಸುಮ್ನೆ ಶೋಕಿಗೆ ಸಾಕೋದು, ನಮಗ್ಯಾಕೆ?" ಅನ್ನುವುದು ನಡೆಯುವುದಿಲ್ಲ. ಒಂದೇ ಕುರಿ ಇದ್ದರೂ ಪೂರ್ತಿ ನೋಂದಣಿ.

ಫೋನ್ ಎತ್ತುವ ಮೊದಲು

ಮನೆ ಪತ್ರ ತೆಗೆದು ಓದಿ. ನಿಜವಾಗಿಯೂ ಓದಿ. ಕೆಲವು ಮನೆಗಳ ಪತ್ರದಲ್ಲಿ, ಅದರಲ್ಲೂ ಬಡಾವಣೆಗಳಲ್ಲಿ, ದನ ಕುರಿ ಕೋಳಿ ಸಾಕಬಾರದು ಅನ್ನುವ ಷರತ್ತು ಸೇರಿಸಿರುತ್ತಾರೆ. ಇನ್ನೊಂದು, ಕುರಿ ಮೇಯಿಸುವ ಹೊಲ ಅಂದರೆ ಅದು ಕೃಷಿ ಭೂಮಿ, ಆದರೆ ಮನೆಯ ಹುಲ್ಲುಹಾಸಿನ ತೋಟ ಕಾಗದದ ಪ್ರಕಾರ ಬೇರೆ. ತೋಟದಲ್ಲೇ ಕಟ್ಟುವ ಯೋಚನೆ ಇದ್ದರೆ ಕೌನ್ಸಿಲ್‌ನವರನ್ನು ಒಂದು ಮಾತು ಕೇಳಿಬಿಡುವುದು ವಾಸಿ.

ಹುಲ್ಲಿನ ಲೆಕ್ಕವೂ ಹಾಕಿ. ಒಳ್ಳೆಯ ಹುಲ್ಲಿದ್ದರೆ ಎಕರೆಗೆ ನಾಲ್ಕರಿಂದ ಆರು ಹೆಣ್ಣು ಕುರಿ ಅನ್ನುವುದು ಇಲ್ಲಿನವರ ಬಾಯಿಲೆಕ್ಕ, ಚಳಿಗಾಲಕ್ಕೆ ಒಣಹುಲ್ಲು ಬೇರೆ ಕೊಳ್ಳಬೇಕು. ಒಂಟಿ ಕುರಿ ಸಾಕಬೇಡಿ, ಅದು ಹಿಂಡಿನ ಪ್ರಾಣಿ, ಒಂಟಿಯಾದರೆ ದಿನವಿಡೀ ಬೇಲಿ ಹತ್ತಿರ ನಿಂತು ಅರಚುತ್ತದೆ. ಮೊದಲ ಸಲದವರಿಗೆ ನನ್ನ ಸಲಹೆ: ಬೀಜ ಒಡೆಸಿದ ಎರಡು ಮೂರು ಗಂಡು ತನ್ನಿ. ಮರಿ ಹಾಕಿಸುವ ತಲೆನೋವಿಲ್ಲ, ಟಗರಿನ ಕಾಟ ಇಲ್ಲ, ಒಂದು ವರ್ಷ ಕಾಗದದ ಕೆಲಸ ಅಭ್ಯಾಸವಾಗುತ್ತದೆ.

ಮೇಕೆಯ ವಿಷಯಕ್ಕೆ ಒಂದೇ ಮಾತು. ಬೇಲಿ. ನಿಮ್ಮ ಬೇಲಿ ನೀರು ನಿಲ್ಲಿಸುವಷ್ಟು ಗಟ್ಟಿ ಇಲ್ಲದಿದ್ದರೆ ಅದು ಮೇಕೆಯನ್ನೂ ನಿಲ್ಲಿಸುವುದಿಲ್ಲ.

ಮೊದಲ ಹೆಜ್ಜೆ: ನೆಲದ ನಂಬರ್

ಇದನ್ನೇ ಸಿಪಿಎಚ್ ಅನ್ನುವುದು. ಕೌಂಟಿ, ಪ್ಯಾರಿಷ್, ಹೋಲ್ಡಿಂಗ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಜಿಲ್ಲೆ, ಗ್ರಾಮ, ಹಿಡುವಳಿ, ಹೆಚ್ಚುಕಡಿಮೆ ಸರ್ವೆ ನಂಬರ್ ಇದ್ದ ಹಾಗೆ. ಒಂಬತ್ತು ಅಂಕಿ ಇರುತ್ತದೆ, 12/345/6789 ಅನ್ನುವ ಥರ: ಮೊದಲ ಎರಡು ಕೌಂಟಿಗೆ, ನಡುವಿನ ಮೂರು ಪ್ಯಾರಿಷ್‌ಗೆ, ಕೊನೆಯ ನಾಲ್ಕು ನಿಮ್ಮ ಜಾಗಕ್ಕೆ.

ಕೊಡುವವರು ರೂರಲ್ ಪೇಮೆಂಟ್ಸ್ ಏಜೆನ್ಸಿ, ಆರ್‌ಪಿಎ ಅಂತ ಕರೆಯುತ್ತಾರೆ. ಸರ್ಕಾರದ ಜಾಲತಾಣದಲ್ಲಿ ಅವರ ಸಹಾಯವಾಣಿ ನಂಬರ್ ಇದೆ. ಫೋನ್ ಮಾಡಿ "ಕೆಲವು ಕುರಿ ಸಾಕಬೇಕು, ಸಿಪಿಎಚ್ ಬೇಕು" ಅಂದರೆ ಸಾಕು, ಅವರಿಗೆ ಇದು ದಿನಾ ಕೇಳುವ ಮಾತು. ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ನಿಮ್ಮ ಹೆಸರು ವಿಳಾಸ, ಹೊಲದ ಪೋಸ್ಟ್‌ಕೋಡ್, ಹೊಲ ನಕ್ಷೆಯಲ್ಲಿ ಎಲ್ಲಿದೆ ಅನ್ನುವ ಗುರುತು, ಅದು ಸ್ವಂತದ್ದಾ ಬಾಡಿಗೆಯದಾ, ಎಷ್ಟು ದಿನಕ್ಕೆ ಬಾಡಿಗೆ, ಯಾವ ಪ್ರಾಣಿ ಸಾಕುತ್ತೀರಿ. ನಕ್ಷೆಯ ಗುರುತು ಅಂದರೆ ಆರ್ಡನೆನ್ಸ್ ಸರ್ವೆ ಭೂಪಟದ ಗ್ರಿಡ್ ನಂಬರ್, ಎರಡು ಅಕ್ಷರ ಆಮೇಲೆ ಅಂಕಿಗಳು. ನಾನು ಮೊದಲ ಸಲ ಇದನ್ನು ಹುಡುಕದೆ ಫೋನ್ ಮಾಡಿ, ಆ ಹುಡುಗಿ ಲೈನಿನಲ್ಲಿ ಕಾಯುತ್ತಿರುವಾಗ ಅಡುಗೆಮನೆಯಲ್ಲಿ ಮೊಬೈಲ್ ತಿರುವುತ್ತಾ ಒದ್ದಾಡಿದೆ.

ನಂಬರ್ ಅದೇ ದಿನ ಬರುವುದಿಲ್ಲ ಅಂದುಕೊಂಡೇ ಇರಿ. ಕುರಿ ತರುವ ದಿನಕ್ಕಿಂತ ಒಂದು ತಿಂಗಳು ಮೊದಲೇ ಕೇಳಿದರೆ ನೆಮ್ಮದಿ.

ಬಾಡಿಗೆ ಹೊಲದವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಹೊಲ ಹಿಡಿದಿದ್ದರೆ ಅದಕ್ಕೆ ತಾತ್ಕಾಲಿಕ ಸಿಪಿಎಚ್ ಅಂತ ಬೇರೆ ಇದೆ. ನಿಮಗೆ ಮನೆ ಹತ್ತಿರ ಒಂದು ತುಂಡು, ನಾಲ್ಕು ಮೈಲಿ ಆಚೆ ಇನ್ನೊಂದು ತುಂಡು ಇದ್ದರೆ, ಎರಡೂ 10 ಮೈಲಿ ಒಳಗೆ ಇರುವುದರಿಂದ ಒಂದೇ ನಂಬರಿನ ಕೆಳಗೆ ಸೇರಿಸಿಕೊಡಿ ಅಂತ ಕೇಳಬಹುದು. ಹಾಗೆ ಸೇರಿಸಿಕೊಂಡರೆ ಆ ಹೊಲದಿಂದ ಈ ಹೊಲಕ್ಕೆ ಕುರಿ ಹೊಡೆಯುವಾಗ ಯಾರಿಗೂ ತಿಳಿಸಬೇಕಾಗಿಲ್ಲ. ಸೇರಿಸದೆ ಬೇರೆ ಬೇರೆ ನಂಬರ್ ಇಟ್ಟುಕೊಂಡರೆ ಪ್ರತಿ ಸಲ ದಾಟಿಸಿದಾಗಲೂ ಅದು ಸಾಗಾಟವೇ, ಕಾಗದ ಬೇಕೇ ಬೇಕು. ಮೊದಲ ಫೋನಿನಲ್ಲೇ ಇದನ್ನು ಕೇಳಿಕೊಳ್ಳಿ.

ಹಳೆಯ ಮನೆ ಕೊಂಡಿದ್ದರೆ ಆ ಜಾಗಕ್ಕೆ ಹಿಂದಿನವರ ನಂಬರ್ ಇದ್ದಿರಬಹುದು. ಅದನ್ನೇ ಎತ್ತಿಕೊಂಡು ಬಳಸಬೇಡಿ. ಆರ್‌ಪಿಎಗೆ ವಿಷಯ ಹೇಳಿ, ಏನು ಮಾಡಬೇಕೋ ಅವರೇ ಮಾಡುತ್ತಾರೆ.

ಎರಡನೆಯದು: ಹಿಂಡಿನ ನಂಬರ್

ನೆಲದ ನಂಬರ್ ಬಂತಾ? ಈಗ ಬೇರೆ ಕಚೇರಿ. ಇದು ಎಪಿಎಚ್‌ಎ, ಅಂದರೆ ಪ್ರಾಣಿ ಮತ್ತು ಸಸ್ಯ ಆರೋಗ್ಯ ಏಜೆನ್ಸಿ. ನಮ್ಮ ಪಶು ಇಲಾಖೆ ಅಂತ ಇಟ್ಟುಕೊಳ್ಳಿ. ಪ್ರಾಣಿಗಳು ನಿಮ್ಮ ಜಾಗಕ್ಕೆ ಬಂದ 30 ದಿನದ ಒಳಗೆ ಇವರಲ್ಲಿ ಹೆಸರು ಬರೆಸಬೇಕು ಅನ್ನುವುದು ನಿಯಮ. ಆದರೆ 30 ದಿನ ಇದೆ ಅಂತ ಕಾಯುವುದರಲ್ಲಿ ಅರ್ಥ ಇಲ್ಲ, ಸಿಪಿಎಚ್ ಕೈಗೆ ಬಂದ ವಾರವೇ ಮುಗಿಸಿಬಿಡಿ.

ಅವರು ಒಂದು ಆರಂಕಿಯ ನಂಬರ್ ಕೊಡುತ್ತಾರೆ, ಮುಂದೆ ಯುಕೆ ಅಂತ ಇರುತ್ತದೆ. ಕುರಿಗೆ ಅದನ್ನು ಫ್ಲಾಕ್ ಮಾರ್ಕ್ ಅನ್ನುತ್ತಾರೆ, ಮೇಕೆಗೆ ಹರ್ಡ್ ಮಾರ್ಕ್. ಕುರಿ ಮೇಕೆ ಎರಡನ್ನೂ ಸಾಕುತ್ತೀರಿ ಅಂದರೆ ಎರಡನ್ನೂ ಹೇಳಿ. ಸಿಪಿಎಚ್ ನೆಲದ್ದು, ಈ ನಂಬರ್ ಆ ನೆಲದ ಮೇಲಿನ ಹಿಂಡಿನದು. ಎರಡನ್ನೂ ಅದಲುಬದಲು ಮಾಡಿ ಫಾರ್ಮ್ ತುಂಬುವುದು ಹೊಸಬರು ಎಲ್ಲರೂ ಮಾಡುವ ತಪ್ಪು. ನಾನು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ, ಎಷ್ಟು ವರ್ಷ ಆದರೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಇದಾದ ಮೇಲೆ ಲೈವ್‌ಸ್ಟಾಕ್ ಇನ್‌ಫರ್ಮೇಶನ್ ಸರ್ವಿಸ್ ಅನ್ನುವಲ್ಲಿ ಆನ್‌ಲೈನ್ ಖಾತೆ ತೆರೆಯಿರಿ. ಇಂಗ್ಲೆಂಡಿನಲ್ಲಿ ಕುರಿ ಮೇಕೆಗಳ ಸಾಗಾಟವನ್ನು 2022ರಿಂದ ದಾಖಲಿಸುವುದು ಇಲ್ಲೇ. ಕಾಗದದ ಫಾರ್ಮ್ ಕೂಡ ಇದೆ, ಅಂಚೆಯಲ್ಲಿ ಕಳಿಸಬಹುದು. ಆದರೆ ಆನ್‌ಲೈನ್‌ನಲ್ಲಿ ತಪ್ಪು ಮಾಡಿದರೆ ಆಗಲೇ ಗೊತ್ತಾಗುತ್ತದೆ, ಅದು ನನಗೆ ಇಷ್ಟ.

ಮೂರನೆಯದು: ಕುರಿ ಮನೆಗೆ ಬರುವ ದಿನ

ಈಗ ಹೋಗಿ ತನ್ನಿ. ಮಾರುವವರು ನಿಮ್ಮ ಸಿಪಿಎಚ್ ಕೇಳದಿದ್ದರೆ, ಅಥವಾ ಕುರಿಯ ಕಿವಿಯಲ್ಲಿ ಓಲೆ ಇಲ್ಲದಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ನನ್ನನ್ನು ಬರಿಗೈಯಲ್ಲಿ ಕಳಿಸಿದ ಆ ಅಜ್ಜಿಯ ಹತ್ತಿರವೇ ಎರಡು ತಿಂಗಳಾದ ಮೇಲೆ ಹೋಗಿ ಕುರಿ ತಂದೆ.

ಕುರಿಗಳ ಜೊತೆ ಒಂದು ಸಾಗಾಟ ಪತ್ರ ಬರಬೇಕು. ಅದರಲ್ಲಿ ಎರಡೂ ಕಡೆಯ ಸಿಪಿಎಚ್, ಎಷ್ಟು ಪ್ರಾಣಿ, ಅವುಗಳ ಓಲೆ ನಂಬರ್, ಹೊರಟ ದಿನ, ಗಾಡಿ ನಂಬರ್ ಇರುತ್ತದೆ. ಓಲೆ ನಂಬರನ್ನು ಗಾಡಿ ಹತ್ತಿಸುವ ಮೊದಲೇ ನೀವೇ ಓದಿ ತಾಳೆ ನೋಡಿ. ಮನೆಗೆ ಬಂದ ಮೇಲೆ ಹೊಲದಲ್ಲಿ ಓಡುವ ಕುರಿಯ ಕಿವಿ ಓದುವುದು ಆಗದ ಮಾತು.

ಮನೆಗೆ ತಂದ ಮೇಲೆ ಎರಡು ಕೆಲಸ. ಒಂದು, 36 ಗಂಟೆಯ ಒಳಗೆ ನಿಮ್ಮ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕದ ವಿಷಯ ಮುಂದೆ ಬರುತ್ತದೆ. ಇನ್ನೊಂದು, ಮೂರು ದಿನದ ಒಳಗೆ "ನನ್ನಲ್ಲಿಗೆ ಬಂದವು" ಅಂತ ಲೈವ್‌ಸ್ಟಾಕ್ ಸರ್ವಿಸ್‌ಗೆ ತಿಳಿಸಬೇಕು. ತಿಳಿಸುವ ಜವಾಬ್ದಾರಿ ತೆಗೆದುಕೊಂಡವರದ್ದು, ಮಾರಿದವರದ್ದಲ್ಲ. ಸಂತೆಯಲ್ಲಿ ಕೊಂಡರೆ ಸಂತೆಯವರೇ ಬಹಳಷ್ಟು ಮಾಡಿಕೊಡುತ್ತಾರೆ, ಆದರೂ ನಿಮ್ಮ ಖಾತೆಯಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಟ್ರೇಲರ್ ಬಗ್ಗೆ: ಸ್ವಂತ ಕುರಿಯನ್ನು 65 ಕಿಲೋಮೀಟರ್ ಒಳಗೆ ಸಾಗಿಸುವುದಕ್ಕೆ ಸಾಗಣೆದಾರ ಅನ್ನುವ ಪರವಾನಗಿ ಬೇಕಿಲ್ಲ. ಗಾಳಿ ಆಡಬೇಕು, ಜಾರಬಾರದು, ಆಮೇಲೆ ತೊಳೆಯಲು ಬರಬೇಕು.

ಆರು ದಿನದ ಬೀಗ

ನನ್ನನ್ನು ನಿಜವಾಗಿ ಪೇಚಿಗೆ ಸಿಕ್ಕಿಸಿದ್ದು ಇದು. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಿಮ್ಮ ಜಾಗಕ್ಕೆ ಹೊರಗಿನಿಂದ ಕುರಿ, ಮೇಕೆ ಅಥವಾ ದನ ಬಂತು ಅಂದರೆ, ಅವತ್ತಿನಿಂದ ಆರು ದಿನ ನಿಮ್ಮಲ್ಲಿರುವ ಯಾವ ಕುರಿ, ಮೇಕೆ, ದನವನ್ನೂ ಹೊರಗೆ ಕಳಿಸುವಂತಿಲ್ಲ. ಬಂದದ್ದನ್ನು ಮಾತ್ರ ಅಲ್ಲ, ಮೊದಲಿಂದ ಇದ್ದವನ್ನೂ. ಹಂದಿ ಬಂದರೆ ಹಂದಿಗೆ 20 ದಿನ. ನೇರ ಕಸಾಯಿಖಾನೆಗೆ ಹೋಗುವುದಕ್ಕೆ ಅಡ್ಡಿ ಇಲ್ಲ, ಇನ್ನೂ ಕೆಲವು ವಿನಾಯಿತಿ ಇವೆ, ಆದರೆ ನಮ್ಮಂಥ ಸಣ್ಣವರಿಗೆ ಅವು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ರೋಗ ಹತ್ತಿದ್ದರೆ ಅದು ಹೊರಗೆ ಕಾಣಿಸಿಕೊಳ್ಳಲು ದಿನ ಬೇಕು ಅಲ್ವಾ, ಅಷ್ಟು ಹೊತ್ತು ಎಲ್ಲವೂ ಇದ್ದಲ್ಲೇ ಇರಲಿ ಅನ್ನುವ ಲೆಕ್ಕಾಚಾರ. ಈ ನಿಯಮ ಬಂದದ್ದೂ 2001ರ ಪಾಠದಿಂದಲೇ.

ನನ್ನ ಕಥೆ ಕೇಳಿ. ಎರಡನೇ ವರ್ಷ ಮರಿ ಆಸೆ ಬಂತು. ಅಕ್ಟೋಬರ್‌ನಲ್ಲಿ ಪರಿಚಯದವರಿಂದ ಒಂದು ಟಗರು ಎರವಲು ತಂದೆ. ಕೆಲಸ ಮುಗಿಯಿತು, ಭಾನುವಾರ ವಾಪಸ್ ಬಿಡುವುದು ಅಂತ ಮಾತಾಯಿತು. ಅದರ ಹಿಂದಿನ ದಿನ ಶನಿವಾರ ಒಬ್ಬರು ಎರಡು ಚೆಂದದ ಹೆಣ್ಣು ಕುರಿ ಮಾರಾಟಕ್ಕಿವೆ ಅಂದರು. ನಾನು ಯೋಚಿಸದೆ ಹೋಗಿ ತಂದುಬಿಟ್ಟೆ. ಅಷ್ಟೇ, ಬೀಗ ಬಿತ್ತು. ಭಾನುವಾರ ಟಗರು ಹೊರಡುವಂತಿಲ್ಲ. ಅದರ ಯಜಮಾನರಿಗೆ ಅದು ಅವರ ಬೇರೆ ಹಿಂಡಿಗೆ ಬೇಕಿತ್ತು, ಫೋನಿನಲ್ಲಿ ಬಹಳ ಸಭ್ಯವಾಗಿ ಮಾತಾಡಿದರು, ಆ ಸಭ್ಯತೆಯಲ್ಲೇ ನನಗೆ ಬೆವರು ಬಂತು. ಆ ವಾರವಿಡೀ ಆ ಟಗರು ನನ್ನ ಗೇಟಿಗೆ ಡಿಕ್ಕಿ ಹೊಡೆಯುತ್ತಾ ನಿಂತಿತ್ತು.

ಟಗರು ಎರವಲು ತರುವವರು ಇದನ್ನು ಎರಡು ಕಡೆಯಿಂದಲೂ ನೋಡಬೇಕು. ಅದು ನಿಮ್ಮಲ್ಲಿಗೆ ಬಂದಾಗ ನಿಮ್ಮ ಹೊಲಕ್ಕೆ ಆರು ದಿನ ಬೀಗ. ವಾಪಸ್ ಹೋದಾಗ ಅವರ ಹೊಲಕ್ಕೆ ಆರು ದಿನ ಬೀಗ. ಅವರಿಗೆ ಆ ವಾರ ಸಂತೆಗೆ ಮರಿ ಕಳಿಸುವುದಿದ್ದರೆ ನಿಮ್ಮಿಂದ ಅವರ ವ್ಯಾಪಾರ ನಿಲ್ಲುತ್ತದೆ. ಆದ್ದರಿಂದ ತರುವ ಮೊದಲೇ ಕ್ಯಾಲೆಂಡರ್ ಇಟ್ಟುಕೊಂಡು ಇಬ್ಬರೂ ಕೂತು ಮಾತಾಡಿ.

ಕಿವಿ ಓಲೆ

ಊರಲ್ಲೂ ಈಗ ಪಶು ಇಲಾಖೆಯವರು ಹನ್ನೆರಡು ಅಂಕಿಯ ಓಲೆ ಹಾಕುತ್ತಿದ್ದಾರೆ, ಹಾಗಾಗಿ ಇದು ಪೂರ್ತಿ ಹೊಸ ವಿಷಯವಲ್ಲ. ಇಲ್ಲಿ ವ್ಯತ್ಯಾಸ ಏನಂದರೆ ಓಲೆ ತರಿಸುವವರೂ ನಾವೇ, ಚುಚ್ಚುವವರೂ ನಾವೇ.

ಕೊಂಡು ತಂದ ಕುರಿಗೆ ಮತ್ತೆ ಓಲೆ ಹಾಕಬಾರದು. ಅದರ ಕಿವಿಯಲ್ಲಿರುವುದು ಹುಟ್ಟಿದ ಮನೆಯ ಗುರುತು, ಸಾಯುವವರೆಗೂ ಅದೇ. ನಿಮ್ಮ ಫ್ಲಾಕ್ ಮಾರ್ಕ್ ಇರುವ ಓಲೆ ನಿಮ್ಮಲ್ಲಿ ಹುಟ್ಟಿದ ಮರಿಗಳಿಗೆ ಮಾತ್ರ. ಹಾಗಾಗಿ ಬೀಜ ಒಡೆಸಿದ ಗಂಡು ಎರಡು ತಂದವರಿಗೆ ಸದ್ಯಕ್ಕೆ ಓಲೆ ಖರ್ಚೇ ಇಲ್ಲ.

ಮರಿ ಹುಟ್ಟಿದರೆ ಗಡುವು ಹೀಗೆ: ರಾತ್ರಿ ಕೊಟ್ಟಿಗೆಯಲ್ಲಿ ಕೂಡುವ ಮರಿಗೆ ಹುಟ್ಟಿದ ಆರು ತಿಂಗಳೊಳಗೆ, ಹೊಲದಲ್ಲೇ ಮಲಗುವ ಮರಿಗೆ ಒಂಬತ್ತು ತಿಂಗಳೊಳಗೆ. ಅದಕ್ಕೂ ಮೊದಲು ನಿಮ್ಮ ಜಾಗ ಬಿಟ್ಟು ಹೋಗುವುದಾದರೆ ಹೋಗುವ ಮೊದಲೇ.

ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಕುರಿಗೆ ಎರಡು ಓಲೆ, ಎರಡರ ಮೇಲೂ ಅದೇ ನಂಬರ್. ಅದರಲ್ಲಿ ಒಂದರೊಳಗೆ ಚಿಪ್ ಇರುತ್ತದೆ, ಅದು ಹಳದಿ ಬಣ್ಣದ್ದು. ವರ್ಷ ತುಂಬುವುದರೊಳಗೆ ಮಾಂಸಕ್ಕೆ ಹೋಗುವ ಮರಿಗೆ ಫ್ಲಾಕ್ ಮಾರ್ಕ್ ಇರುವ ಚಿಪ್ಪಿನ ಓಲೆ ಒಂದೇ ಸಾಕು. ಮೇಕೆಗೂ ಎರಡು ಗುರುತು ಬೇಕು, ಆದರೆ ಚಿಪ್ ಕಡ್ಡಾಯ ಇಲ್ಲ. ಒಂದು ಓಲೆ ಹಾಕಿ ಇನ್ನೊಂದರ ಬದಲು ಹಚ್ಚೆ ಹಾಕಿಸಬಹುದು. ಮೇಕೆ ಸಾಕುವವರು ಇದನ್ನು ಇಷ್ಟಪಡುತ್ತಾರೆ, ಯಾಕೆಂದರೆ ಮೇಕೆ ಎಲ್ಲಿ ತಲೆ ತೂರಿಸಬಾರದೋ ಅಲ್ಲೇ ತೂರಿಸಿ ಕಿವಿ ಹರಿದುಕೊಳ್ಳುತ್ತದೆ.

ಚಿಪ್ ಓದುವ ಯಂತ್ರ ಕೊಳ್ಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ನಂಬರ್ ಓಲೆಯ ಮೇಲೆ ಅಚ್ಚಾಗಿರುತ್ತದೆ, ಕಣ್ಣಲ್ಲೇ ಓದಬಹುದು.

ಓಲೆ ಮಾರುವ ಕಂಪನಿಗಳಿಗೆ ನಿಮ್ಮ ಸಿಪಿಎಚ್ ಮತ್ತು ಫ್ಲಾಕ್ ಮಾರ್ಕ್ ಎರಡೂ ಕೊಟ್ಟರೆ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಚುಚ್ಚುವ ಇಕ್ಕಳ ಬೇರೆ ಕೊಳ್ಳಬೇಕು. ಒಂದು ಕಂಪನಿಯ ಓಲೆಗೆ ಇನ್ನೊಂದು ಕಂಪನಿಯ ಇಕ್ಕಳ ಕೂರದಿರಬಹುದು, ನೋಡಿಕೊಂಡು ತರಿಸಿ. ಬೇಸಿಗೆಯ ನೊಣದ ಕಾಲದಲ್ಲಿ ಚುಚ್ಚಬೇಡಿ, ಗಾಯ ಕೊಳೆಯುತ್ತದೆ. ತಂಪು ದಿನ ನೋಡಿ, ಕಿವಿಯ ರಕ್ತನಾಳ ತಪ್ಪಿಸಿ, ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ.

ಓಲೆ ಬಿದ್ದುಹೋಗುತ್ತದೆ, ಅದು ಗ್ಯಾರಂಟಿ. ಇಲ್ಲಿನ ಮುಳ್ಳುಬೇಲಿಗಳಲ್ಲಿ ಎಷ್ಟು ಓಲೆ ನೇತಾಡುತ್ತಿವೆಯೋ. ಬಿದ್ದದ್ದು ಗಮನಕ್ಕೆ ಬಂದ 28 ದಿನದೊಳಗೆ ಹೊಸದು ಹಾಕಿ, ಹಳೆಯ ನಂಬರ್ ಹೊಸ ನಂಬರ್ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು.

ಪುಸ್ತಕ

ಹೋಲ್ಡಿಂಗ್ ರಿಜಿಸ್ಟರ್ ಅನ್ನುವ ಈ ಪುಸ್ತಕವೇ ನಿಮ್ಮ ಇಡೀ ಕುರಿ ಸಂಸಾರದ ಲೆಕ್ಕ. ನೋಟ್‌ಬುಕ್ ಆದರೂ ಸರಿ, ಕಂಪ್ಯೂಟರ್ ಆದರೂ ಸರಿ. ಮೊದಲ ಪುಟದಲ್ಲಿ ನಿಮ್ಮ ಹೆಸರು, ವಿಳಾಸ, ಸಿಪಿಎಚ್, ಫ್ಲಾಕ್ ಮಾರ್ಕ್. ಆಮೇಲೆ ಬಂದದ್ದು, ಹೋದದ್ದು, ಸತ್ತದ್ದು, ಓಲೆ ಹಾಕಿದ್ದು, ಓಲೆ ಬದಲಾಯಿಸಿದ್ದು. ಕುರಿಗಳೆಲ್ಲ ಹೋದ ಮೇಲೂ ಮೂರು ವರ್ಷ ಇದನ್ನು ಜೋಪಾನ ಮಾಡಬೇಕು.

ವರ್ಷಕ್ಕೊಮ್ಮೆ ಡಿಸೆಂಬರ್ 1ಕ್ಕೆ ನಿಮ್ಮಲ್ಲಿ ಎಷ್ಟು ತಲೆ ಇವೆ ಅಂತ ಲೆಕ್ಕ ಕೊಡಬೇಕು. ಪುಸ್ತಕದಲ್ಲೂ ಬರೆಯಿರಿ, ಸರ್ಕಾರಕ್ಕೂ ಆ ತಿಂಗಳ 31ರೊಳಗೆ ಕಳಿಸಿ. ಕ್ರಿಸ್‌ಮಸ್ ಗಲಾಟೆಯಲ್ಲಿ ಮರೆಯುವುದು ಸುಲಭ, ಆದ್ದರಿಂದ ಫೋನಿನಲ್ಲಿ ಜ್ಞಾಪನೆ ಹಾಕಿಕೊಳ್ಳಿ.

ಔಷಧಿಗೆ ಬೇರೆ ಪಟ್ಟಿ. ಯಾವ ಕುರಿಗೆ, ಯಾವತ್ತು, ಯಾವ ಮದ್ದು, ಎಷ್ಟು, ಮತ್ತು ಮದ್ದು ಕೊಟ್ಟ ಮೇಲೆ ಎಷ್ಟು ದಿನ ಅದರ ಮಾಂಸ ಅಥವಾ ಹಾಲು ಬಳಸಬಾರದು. ಇದನ್ನು ಐದು ವರ್ಷ ಇಡಬೇಕು. ಜಂತಿನ ಮದ್ದಿನ ಡಬ್ಬಿಯನ್ನು ಸುಮ್ನೆ ಎಸೆಯುವ ಮೊದಲು ಅದರ ಮೇಲಿನ ಬ್ಯಾಚ್ ನಂಬರನ್ನೂ ಬರೆದುಕೊಂಡುಬಿಡಿ.

ಇದನ್ನೆಲ್ಲ ಯಾರು ಬಂದು ನೋಡುತ್ತಾರೆ ಅಂತೀರಾ? ಬರುತ್ತಾರೆ. ಕೌನ್ಸಿಲ್‌ನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ನವರೂ ಬರಬಹುದು, ಸರ್ಕಾರದ ಏಜೆನ್ಸಿಯವರೂ ಬರಬಹುದು. ನಮ್ಮಲ್ಲಿಗೆ ಒಬ್ಬರು ಬಂದು, ಕುರಿಗಳನ್ನು ಕೂಡಿಹಾಕಿಸಿ, ಒಂದೊಂದೇ ಕಿವಿ ಓದಿ ಪುಸ್ತಕಕ್ಕೆ ತಾಳೆ ನೋಡಿದರು. ಕೂಡಿಹಾಕಲು ಜಾಗ ಇಲ್ಲದಿದ್ದರೆ ಅವತ್ತು ನಿಮ್ಮ ಮರ್ಯಾದೆ ಹೊಲದ ತುಂಬ ಓಡಾಡುತ್ತದೆ. ಆರು ಹರ್ಡಲ್ ಕೊಂಡಿಟ್ಟುಕೊಳ್ಳಿ, ಅಂದರೆ ಒಂದಕ್ಕೊಂದು ಸಿಕ್ಕಿಸುವ ಕಬ್ಬಿಣದ ಗೇಟಿನಂಥ ಪಟ್ಟಿಗಳು. ರೊಪ್ಪದ ಕೆಲಸ ಅವೇ ಮಾಡುತ್ತವೆ.

ನಮ್ಮವರು ಎಡವುವ ಜಾಗಗಳು

ಮೊದಲನೆಯದು ಮುಸುರೆ. ಊರಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಮುದ್ದೆ ಎಲ್ಲ ಹಟ್ಟಿಗೆ ಹೋಗುತ್ತದೆ. ಇಲ್ಲಿ ಅಡುಗೆಮನೆಯನ್ನು ಹೊಕ್ಕು ಬಂದ ಯಾವುದನ್ನೂ ಕುರಿ, ಮೇಕೆ, ಕೋಳಿ, ಹಂದಿಗೆ ಹಾಕುವುದು ಅಪರಾಧ. ಬಾಳೆಹಣ್ಣಿನ ಸಿಪ್ಪೆ ಕೂಡ. "ನಮ್ಮದು ಸಸ್ಯಾಹಾರಿ ಮನೆ" ಅಂದರೆ ಆಗುವುದಿಲ್ಲ. ಪೂರ್ತಿ ವೀಗನ್ ಅಡುಗೆಮನೆಗೆ ಮಾತ್ರ ವಿನಾಯಿತಿ. ಮೊಸರು ತುಪ್ಪ ಇಲ್ಲದ ಕನ್ನಡದ ಅಡುಗೆಮನೆಯನ್ನು ನಾನಂತೂ ನೋಡಿಲ್ಲ. ಹಿತ್ತಲಲ್ಲಿ ಕಿತ್ತ ಸೊಪ್ಪನ್ನು ಅಡುಗೆಮನೆಗೆ ತರದೆ ಹಾಗೇ ನೇರ ಹಾಕಿದರೆ ತೊಂದರೆ ಇಲ್ಲ. ಹೆಡನ್-ಆನ್-ದ-ವಾಲ್ ಕಥೆ ನೆನಪಿದ್ದರೆ ಇದು ಅತಿ ಅನ್ನಿಸುವುದಿಲ್ಲ.

ಇನ್ನೊಂದು, ಸತ್ತ ಕುರಿ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಹೂಳುವಂತಿಲ್ಲ, ಸುಡುವಂತಿಲ್ಲ. ಒಯ್ಯಲು ಪರವಾನಗಿ ಇರುವವರಿದ್ದಾರೆ, ನ್ಯಾಷನಲ್ ಫಾಲನ್ ಸ್ಟಾಕ್ ಕಂಪನಿ ಅನ್ನುವುದರ ಮೂಲಕವೂ ಸಿಗುತ್ತಾರೆ. ಹತ್ತಿರದವರು ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕುರಿ ಸಾಯುವುದು ಯಾವಾಗಲೂ ರಜೆ ದಿನವೇ.

ಮೂರನೆಯದು ಹಬ್ಬ. ಮನೆಯಲ್ಲೇ ಕಡಿದು ನೆಂಟರಿಗೆ ಹಂಚುವ ಆಸೆ ಇದ್ದರೆ ಬಿಟ್ಟುಬಿಡಿ. ಮನೆಯಲ್ಲಿ ಕಡಿಯುವುದಕ್ಕೆ ಬಹಳ ಬಿಗಿ ಷರತ್ತು: ಸಾಕಿದವರೇ ತಮ್ಮ ಜಾಗದಲ್ಲೇ ಮಾಡಬೇಕು, ಪ್ರಜ್ಞೆ ತಪ್ಪಿಸಿಯೇ ಮಾಡಬೇಕು, ತಿನ್ನುವವರು ಅವರು ಮತ್ತು ಅಲ್ಲೇ ವಾಸಿಸುವ ಮನೆಯವರು ಮಾತ್ರ. ಮಾರುವುದೂ ಇಲ್ಲ, ಕೊಡುವುದೂ ಇಲ್ಲ. ಹಲಾಲ್ ಬೇಕಾದವರೂ ಪರವಾನಗಿ ಇರುವ ಕಸಾಯಿಖಾನೆಗೇ ಹೋಗಬೇಕು. ಎಲ್ಲರ ಜೊತೆ ಕೂತು ಉಣ್ಣಬೇಕು ಅಂದರೆ ಕಸಾಯಿಖಾನೆಯಲ್ಲಿ ಮೊದಲೇ ದಿನ ಗೊತ್ತುಮಾಡಿ, ಓಲೆ ಮತ್ತು ಸಾಗಾಟ ಪತ್ರದ ಜೊತೆ ಕಳಿಸಿ.

ಉಣ್ಣೆಯದು ಬೇರೆ ತಮಾಷೆ. ನಾಲ್ಕಕ್ಕಿಂತ ಹೆಚ್ಚು ದೊಡ್ಡ ಕುರಿ ಇದ್ದರೆ ಬ್ರಿಟಿಷ್ ವುಲ್ ಅನ್ನುವ ಸಂಸ್ಥೆಯಲ್ಲೂ ನೋಂದಾಯಿಸಬೇಕು, ಕೆಲವು ವಿನಾಯಿತಿ ಬಿಟ್ಟರೆ ಉಣ್ಣೆ ಅವರಿಗೇ ಹೋಗಬೇಕು. ಬರುವ ದುಡ್ಡು ಎಷ್ಟೋ ಸಲ ಕತ್ತರಿಸಿದವರ ಕೂಲಿಗೂ ಸಾಲುವುದಿಲ್ಲ. ಕಂಬಳಿಯ ಊರಿಂದ ಬಂದವನಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ನಾನು ನಾಲ್ಕಕ್ಕೆ ನಿಲ್ಲಿಸೋಣ ಅಂದುಕೊಂಡಿದ್ದೆ, ಆಗಲಿಲ್ಲ.

ಕುರಿಗೆ ಮೇಕೆಯ ಅಥವಾ ದನದ ಹಿಂಡಿ ಹಾಕಬೇಡಿ. ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗಬಹುದು. ಚೀಲದ ಮೇಲೆ ಕುರಿಗೆ ಅಂತ ಬರೆದಿರುವುದನ್ನೇ ತನ್ನಿ.

ಗಡಿ ದಾಟಿದರೆ

ನಮ್ಮ ಮನೆಯಿಂದ ವೇಲ್ಸ್ ಗಡಿ ಹತ್ತು ಮೈಲಿಯೂ ಇಲ್ಲ, ಹಾಗಾಗಿ ಈ ಗೊಂದಲ ನಮಗೆ ದಿನಾ ಇದೆ. ವೇಲ್ಸಿನಲ್ಲಿ ನೆಲದ ನಂಬರ್ ಕೊಡುವವರು ರೂರಲ್ ಪೇಮೆಂಟ್ಸ್ ವೇಲ್ಸ್, ಸಾಗಾಟ ದಾಖಲಿಸುವುದು ಇಐಡಿ ಕಮ್ರಿಯಲ್ಲಿ. ಸ್ಕಾಟ್ಲೆಂಡ್‌ನಲ್ಲಿ ಸ್ಕಾಟ್‌ಇಐಡಿ. ಉತ್ತರ ಐರ್ಲೆಂಡ್‌ನಲ್ಲಿ ಅಲ್ಲಿನ ಕೃಷಿ ಇಲಾಖೆಯಾದ ಡೇರಾ.

ಗಡಿ ದಾಟಿಸಿ ಕೊಳ್ಳುವ ಮೊದಲು ನೀಲಿ ನಾಲಿಗೆ ರೋಗದ ಸ್ಥಿತಿ ಏನು ಅಂತ ಅವತ್ತೇ ನೋಡಿ. ನಮ್ಮ ಕಡೆಯ ಕುರಿಗಾಹಿಗಳಿಗೆ ಈ ರೋಗ ಹಳೆಯ ಶತ್ರು, ಸಣ್ಣ ನೊರಜಿನಿಂದ ಹರಡುತ್ತದೆ. ಇಂಗ್ಲೆಂಡಿನಲ್ಲಿ ಇದರ ಒಂದು ಹೊಸ ಬಗೆ 2023ರ ನವೆಂಬರ್‌ನಲ್ಲಿ ಕೆಂಟ್‌ನಲ್ಲಿ ಕಾಣಿಸಿತು. 2025ರ ಜುಲೈ 1ರಿಂದ ಇಡೀ ಇಂಗ್ಲೆಂಡನ್ನೇ ನಿರ್ಬಂಧಿತ ವಲಯ ಮಾಡಿದರು. ನಿಯಮ ಬದಲಾಗುತ್ತಲೇ ಇರುತ್ತದೆ, ಹೋದ ತಿಂಗಳು ಯಾರೋ ಹೇಳಿದ್ದನ್ನು ನಂಬಿ ಟ್ರೇಲರ್ ಹೊರಡಿಸಬೇಡಿ. ಬಾಯಲ್ಲಿ ಜೊಲ್ಲು, ನಾಲಿಗೆ ಊದಿಕೊಳ್ಳುವುದು, ಕುಂಟುವುದು ಕಂಡರೆ ಅವತ್ತೇ ಪಶುವೈದ್ಯರಿಗೂ ಎಪಿಎಚ್‌ಎಗೂ ಫೋನ್ ಮಾಡಿ. ಇಂಥ ರೋಗಗಳ ಅನುಮಾನ ಬಂದ ಕೂಡಲೇ ತಿಳಿಸುವುದು ಕಡ್ಡಾಯ.

ಪಶುವೈದ್ಯರ ಬಳಿ ಕುರಿ ತರುವ ಮೊದಲೇ ಹೆಸರು ಬರೆಸಿಕೊಳ್ಳಿ. ನಾಯಿ ಬೆಕ್ಕು ನೋಡುವ ಎಲ್ಲರೂ ಕುರಿ ನೋಡುವುದಿಲ್ಲ. ರಾತ್ರಿ ಎರಡು ಗಂಟೆಗೆ, ಮರಿ ಅಡ್ಡ ಸಿಕ್ಕಿಕೊಂಡು ಕುರಿ ನರಳುತ್ತಿರುವಾಗ ಇದನ್ನು ಕಂಡುಕೊಳ್ಳುವುದು ಬೇಡ.

ಇಷ್ಟು ಮಾಡಿಕೊಂಡು ನಾನು ಎರಡನೇ ಸಲ ಹೋದಾಗ ಆ ಅಜ್ಜಿ ಅದೇ ಫಾರ್ಮ್ ಮುಂದಿಟ್ಟರು. ಜೇಬಿನಿಂದ ಚೀಟಿ ತೆಗೆದು ನಂಬರ್ ಓದಿದೆ. ಅವರು ಬರೆದುಕೊಂಡು, ಕನ್ನಡಕ ತೆಗೆದು, ಹಿಂದಿನ ಸಲ ಬಂದಾಗಲೇ ಬೇರೆಯವರಿಗೆ ಕೊಡದೆ ತೆಗೆದಿರಿಸಿದ್ದ ನಾಲ್ಕು ಕುರಿಗಳ ಕಡೆಗೆ ಕೈ ತೋರಿಸಿದರು.